ನನ್ನಿಂದ ಮುಚ್ಚಿಟ್ಟ ಬಾಣಂತನ

೬ ಫೆಬ್ರವರಿ ೧೯೬೬, ಭಾನುವಾರ
ಹೊಸನಗರ

ಬಸ್ಸಿನ ಸಾಹುಕಾರರು ವರ್ಷಕ್ಕೊಂದು ಡೈರಿಯನ್ನು ಇವರಿಗೆ ತಪ್ಪದೆ ಕೊಡುತ್ತಾರೆ. ಇವರು ಇಲ್ಲಿನ ಬಸ್‌ಸ್ಟ್ಯಾಂಡಿನ ಏಜೆಂಟರು. ಏಜೆಂಟ್ ಶೇಷಪ್ಪನವರು ಎಂದರೆ ತೀರ್ಥಹಳ್ಳಿಯಿಂದ ಸಾಗರದವರೆಗೆ ಗೊತ್ತು. ಆದರೆ ಇವರು ಬರೆಯುವುದೇನಿದ್ದರೂ ಟಿಕೆಟ್ಟಿನ ಹಿಂಭಾಗದಲ್ಲಿ. ಡೈರಿಗಳೆಲ್ಲ ಗೂಡು ಸೇರಿ ಜಿರಲೆಗಳ ಪಾಲಾಗುತ್ತವೆ. ಈ ವರ್ಷದ್ದು ನನಗಿರಲಿ ಎಂದು ಎತ್ತಿಟ್ಟುಕೊಂಡೆ. ಐದನೇ ಕ್ಲಾಸಿನವರೆಗೆ ಓದಿದ್ದು ದಂಡವಾಗಬಾರದಲ್ಲ.

ಸರೋಜಳಿಗೆ ಏಪ್ರಿಲ್ ಕೊನೆಗೆ ದಿನ ತುಂಬುತ್ತದೆ. ಚೊಚ್ಚಲು ಹೆರಿಗೆ, ತವರಿನಲ್ಲಿ ಆಗಬೇಕಾದದ್ದು. ದೊಡ್ಡವಳು ದುಗ್ಗಿಯದು ಏಳು ವರ್ಷದ ಹಿಂದೆ ಈ ಮನೆಯಲ್ಲೇ ಆಯಿತು. ಕಿರಿಯವಳು ವರದಾಳದ್ದೂ ಕಾಲ ಬಂದಾಗ ಇಲ್ಲೇ ಆಗುತ್ತದೆ. ಯಾವ ದಿನ ಯಾವ ಕಷಾಯ, ಎಷ್ಟು ಬಿಸಿಯ ನೀರಿನ ಸ್ನಾನ, ಯಾವಾಗ ಲೇಹ್ಯ, ಎಲ್ಲವನ್ನೂ ಈ ಸಲ ಬರೆದಿಡುತ್ತೇನೆ. ನಾನು ಹೋದ ಮೇಲೆ ಈ ಹುಡುಗಿಯರಿಗೆ ಹೇಳಿಕೊಡುವವರು ಯಾರು?

ಬಚ್ಚಲಿಗೆ ತಾಗಿದ ಸಣ್ಣ ಕೋಣೆಯನ್ನು ಸಾರಿಸಿ, ಗಾಳಿ ಹೊಗದ ಹಾಗೆ ಕಿಟಕಿಗೆ ಗೋಣಿ ಹೊಡೆದೆ. ಹಳೆಯ ಸೀರೆಗಳನ್ನು ಒಗೆದು, ಹರಿದು, ಎರಡು ಮಕ್ಕಳಿಗಾಗುವಷ್ಟು ಬಟ್ಟೆ ಮಡಚಿಟ್ಟೆ. ದೀಪಾವಳಿಗೆ ಬಂದಾಗ ಸರೋಜ ಮೂರು ತಿಂಗಳು ಎಂದಿದ್ದಳು. ಹೊಟ್ಟೆ ನೋಡಿದರೆ ಮೂರು ತಿಂಗಳದ್ದಲ್ಲ. ನನ್ನ ಕಣ್ಣಿಗೆ ಮಣ್ಣೆರಚಲು ಆಗುತ್ತದೆಯೇ? ಅವಳಿ ಎಂದು ಅವತ್ತೇ ತೀರ್ಮಾನಿಸಿದೆ. ಯಾರಿಗೂ ಹೇಳಿಲ್ಲ, ದೃಷ್ಟಿಯಾದೀತು.

ಸೀಮಂತವೊಂದು ಆಗಲಿಲ್ಲ. ಡಿಸೆಂಬರಿನಲ್ಲಿ ಅಳಿಯನ ದೊಡ್ಡಪ್ಪ ಹೂವಯ್ಯನವರು ತೀರಿಕೊಂಡರೆಂದು ಸಾಗರದಿಂದ ಕಾಗದ ಬಂತು. ಒಂದು ವರ್ಷ ಶುಭಕಾರ್ಯ ಇಲ್ಲವಂತೆ. ಪಾಪ, ಮದುವೆಯಲ್ಲಿ ಹದಿನಾರು ಹೋಳಿಗೆ ತಿಂದು, ಇನ್ನೆರಡು ಕಟ್ಟಿಸಿಕೊಂಡು ಹೋದ ಮನುಷ್ಯ. ಅವರ ಹೆಸರಿನಲ್ಲಿ ನಾನೊಂದು ಹೊತ್ತು ಊಟ ಬಿಟ್ಟೆ.

ಶಿವರಾತ್ರಿ ಕಳೆದ ಕೂಡಲೇ ಸಾಗರಕ್ಕೆ ಹೋಗಿ ಸರೋಜಳನ್ನು ಕರೆತರುತ್ತೇನೆ ಎಂದೆ. ಇವರು ‘ಹೂಂ’ ಎಂದು ಎದ್ದು ಹೋದರು.

೨೧ ಫೆಬ್ರವರಿ, ಸೋಮವಾರ

ಸಾಗರಕ್ಕೆ ಹೊರಟು ನಿಂತದ್ದು ಇದು ಮೂರನೇ ಸಲ. ಬಸ್ಸಿನ ಆಕ್ಸಲ್ ಮುರಿದಿದೆಯಂತೆ. ಇವರು ಹೇಳಿ ಬಾಯಿ ಮುಚ್ಚುವುದರೊಳಗೆ ಸಾಗರದ ಬಸ್ಸು ಮನೆಯ ಮುಂದೆಯೇ ಹಾರ್ನ್ ಹೊಡೆದುಕೊಂಡು ಹೋಯಿತು.

“ಅದು ಹೋಯ್ತಲ್ಲ?” ಎಂದೆ.

“ಅದಾ? ಅದು ಬೇರೆ ಬಸ್ಸು ಮಾರಾಯ್ತಿ” ಎಂದರು.

ಇದ್ದೀತು. ಲೇಹ್ಯಕ್ಕೆ ಜೋನಿಬೆಲ್ಲ ತೀರ್ಥಹಳ್ಳಿಯಿಂದ ಬಂದಿದೆ. ಒಳ್ಳೆಯ ಬೆಲ್ಲ.

೨೮ ಫೆಬ್ರವರಿ, ಸೋಮವಾರ

ಸತ್ತ ಹೂವಯ್ಯನವರು ಇವತ್ತು ಹನ್ನೊಂದೂವರೆ ಗಂಟೆಗೆ ಸಾಗರದ ಬಸ್ಸಿನಿಂದ ಇಳಿದರು.

ನಾನು ಇವರಿಗೆ ಊಟದ ಡಬ್ಬಿ ಕೊಟ್ಟು ತಿರುಗಿದ್ದೆ. ಕೊಡೆ, ಕೈಚೀಲ, ಹಲ್ಲಿಲ್ಲದ ನಗು. ಕಂಬ ಹಿಡಿದುಕೊಂಡೆ. ಅವರೇ ಹತ್ತಿರ ಬಂದರು.

“ವೆಂಕಮ್ಮ, ಆರಾಮಾ? ಅಲ್ಲ, ಮೊಮ್ಮಗಳು ಹುಟ್ಟಿ ಹದಿನಾರು ದಿನ ಆತು, ಅಜ್ಜಿ ಬರ್ಲೇ ಇಲ್ವಲ್ಲ? ಹುಷಾರಿಲ್ಲ ಅಂದ್ರು ಸರೋಜಮ್ಮ. ಈಗ ವಾಸಿನಾ?”

ಏನೆಂದೆನೋ ನೆನಪಿಲ್ಲ. ವಾಸಿ ಎಂದೆನೆಂದು ತೋರುತ್ತದೆ.

ಮನೆಗೆ ಬಂದು ಬಾಣಂತಿ ಕೋಣೆಯಲ್ಲಿ ಕೂತೆ. ಹೆಣ್ಣು ಮಗು. ಹದಿನಾರು ದಿನ. ಒಂದೇ ಮಗು.

೧ ಮಾರ್ಚ್, ಮಂಗಳವಾರ

ಎಲ್ಲರಿಗೂ ಗೊತ್ತಿತ್ತು. ಇವರಿಗೆ ಗೊತ್ತಿತ್ತು, ಸಾಹುಕಾರರ ಕೆಲಸವೆಂದು ಹೇಳಿ ಎರಡು ಸಲ ಹೋಗಿ ಮಗುವನ್ನು ನೋಡಿಕೊಂಡೂ ಬಂದಿದ್ದಾರೆ. ಶಿವರಾತ್ರಿಯ ಮಾರನೇ ದಿನ ಅಂಗಿಯ ಹೆಗಲಿನ ಮೇಲೆ ಮೊಸರು ಚೆಲ್ಲಿದ ಕಲೆ ಇತ್ತು. ಯಾವ ಹೋಟೆಲಿನಲ್ಲಿ ಹೀಗೆ ಬಡಿಸುತ್ತಾರೆ ಎಂದು ಬೈದುಕೊಂಡು ನಾನೇ ಉಜ್ಜಿ ತೆಗೆದಿದ್ದೆ. ಅದು ನನ್ನ ಮೊಮ್ಮಗಳು ಕಕ್ಕಿದ ಹಾಲು.

ತೀರ್ಥಹಳ್ಳಿಯಲ್ಲಿರುವ ದುಗ್ಗಿಗೆ ಗೊತ್ತಿತ್ತು. ಪರೀಕ್ಷೆಗೆ ಓದುತ್ತೇನೆಂದು ಪುಸ್ತಕದಲ್ಲಿ ಮುಖ ಹುಗಿದುಕೊಂಡಿರುವ ವರದಾಳಿಗೆ ಗೊತ್ತಿತ್ತು. ಕಂಡಕ್ಟರ್ ಭೂತಪ್ಪನಿಗೂ ಗೊತ್ತಿತ್ತು. ಇವರು ಸಾಗರಕ್ಕೆ ಕಳಿಸಿದ ಬಾಳೆಗೊನೆ, ತುಪ್ಪ ಎಲ್ಲ ಅವನ ಕೈಯಲ್ಲೇ ಹೋದದ್ದು. ನಿನ್ನೆಯವರೆಗೂ ನನ್ನನ್ನು ಕಂಡರೆ ‘ನಮಸ್ಕಾರ ಅಮ್ಮ’ ಎಂದು ಹಲ್ಲು ಬಿಡುತ್ತಿದ್ದ. ತಿಳಿಯದವಳು ನಾನೊಬ್ಬಳೇ.

ಹೆತ್ತ ತಾಯಿಗೆ ಸುಳ್ಳು ತಿಂಗಳು ಹೇಳಿದ್ದಾರೆ. ದೀಪಾವಳಿಗೆ ಸರೋಜಳಿಗೆ ಐದು ತುಂಬಿತ್ತು. ಸೀಮಂತ ಮಾಡಿದರೆ ದಿನ ತಿಳಿಯುತ್ತದೆಂದು ಬದುಕಿರುವ ಮನುಷ್ಯನನ್ನು ಸಾಯಿಸಿದ್ದಾರೆ.

“ಹೂವಯ್ಯನೋರನ್ನ ಸಾಯ್ಸು ಅಂತ ಬರ್ದವಳು ನಾನೇ ಅವ್ವ” ಎಂದಳು ವರದಾ. “ಅವ್ರು ಊರು ಬಿಟ್ಟು ಹೊರಡೋದೇ ಇಲ್ಲ ಅಂತಿದ್ಲು ಸರೋಜಕ್ಕ. ಅದಕ್ಕೇ ಅವ್ರೇ ಆಗಬಹುದು ಅಂದ್ಕೊಂಡೆ.”

“ಯಾಕೆ? ನಾನೆಂತ ಮಾಡಿದ್ದೆ ನಿಮಗೆ?”

“ದುಗ್ಗಕ್ಕನ್ನ ಕೇಳು.”

ಇವರನ್ನು ಕೇಳಿದೆ. ಕೂತ ಮಣೆಯನ್ನೇ ನೋಡುತ್ತ, “ಹುಡುಗೀರು ಹ್ಯಾಂಗೆ ಹೇಳಿದ್ರೋ ಹಾಂಗೆ ಮಾಡ್ದೆ” ಎಂದರು. ಇಪ್ಪತ್ತಾರು ವರ್ಷ ಬೇಯಿಸಿ ಹಾಕಿದ್ದಕ್ಕೆ ಇದು ನನ್ನ ಸಂಪಾದನೆ.

ಇವತ್ತು ಮಧ್ಯಾಹ್ನದ ಊಟಕ್ಕೆ ಉಪ್ಪಿಲ್ಲದ ಸಾರು ಬಡಿಸಿದೆ. ಇಬ್ಬರೂ ಸುಮ್ಮನೆ ಉಂಡು ಎದ್ದರು.

೩ ಮಾರ್ಚ್, ಗುರುವಾರ

ಈ ಮೂವರಿಗಾಗಿ ನಾನು ಪಟ್ಟದ್ದನ್ನೆಲ್ಲ ಒಂದೊಂದಾಗಿ ಬರೆಯುತ್ತೇನೆ. ಯಾವತ್ತಾದರೂ ಓದಿ ನಾಚಿಕೆಪಟ್ಟುಕೊಳ್ಳಲಿ.

ದುಗ್ಗಿಗೆ ದುಗ್ಗಮ್ಮ ಎಂದು ನನ್ನ ಅತ್ತೆಯ ಹೆಸರಿಟ್ಟರು. ಬದುಕಿರುವ ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡುವಂತಿಲ್ಲ. ಆರು ವರ್ಷ ಹೆತ್ತ ಮಗಳನ್ನು ‘ಏ, ಇವಳೇ’ ಎಂದು ಕರೆದೆ. ಶಾಲೆಗೆ ಸೇರಿಸಲು ಹೋದಾಗ ಮೇಷ್ಟ್ರು ಮಗುವಿನ ಹೆಸರೇನು ಎಂದರು. ನಾನು ತುಟಿ ಬಿಚ್ಚಲಿಲ್ಲ. ಮಗುವನ್ನೇ ಕೇಳಿದರು. ಅದು ಗಂಭೀರವಾಗಿ “ಇವಳೇ” ಎಂದಿತು. ಮೇಷ್ಟ್ರು ಹಾಗೇ ಬರೆದುಕೊಳ್ಳುವುದರಲ್ಲಿದ್ದರು. ಅತ್ತೆ ತೀರಿಕೊಂಡು ಹದಿಮೂರು ದಿನ ಕಳೆದ ಮೇಲೆ ಅಂಗಳಕ್ಕೆ ಬಂದು ‘ದುಗ್ಗೀ’ ಎಂದು ಗಂಟಲು ತುಂಬ ಕೂಗಿದೆ. ಅವಳು ತಿರುಗಿಯೂ ನೋಡಲಿಲ್ಲ. ಅಜ್ಜಿಯನ್ನು ಕರೆಯುತ್ತಿದ್ದೇನೆ ಅಂದುಕೊಂಡಿದ್ದಳಂತೆ.

ಸರೋಜ ಕಾಲು ಬಂದ ದಿನದಿಂದ ಬಸ್‌ಸ್ಟ್ಯಾಂಡಿನ ಮಗು. ಎಲ್ಲಿದ್ದಾಳೆಂದು ತಿಳಿಯಲೆಂದು ಉಡಿದಾರಕ್ಕೆ ಗೆಜ್ಜೆ ಕಟ್ಟಿದ್ದೆ. ಐದನೇ ವರ್ಷದಲ್ಲಿ ಒಂದು ದಿನ ಗೆಜ್ಜೆಯ ಸದ್ದು ಹಿತ್ತಿಲಲ್ಲೇ ಕೇಳುತ್ತಿತ್ತು, ನಾನು ನಿಶ್ಚಿಂತೆಯಿಂದ ದೋಸೆಗೆ ರುಬ್ಬುತ್ತಿದ್ದೆ. ನೋಡಿದರೆ ಗೆಜ್ಜೆ ಬೆಕ್ಕಿನ ಕೊರಳಲ್ಲಿ. ಸರೋಜ ತೀರ್ಥಹಳ್ಳಿಯ ಬಸ್ಸಿನಲ್ಲಿ, ಡ್ರೈವರನ ಪಕ್ಕ. ಸಂಜೆಯ ಬಸ್ಸಿನಲ್ಲಿ ವಾಪಸು ಬಂದಳು. ಬಾಯಿ ತುಂಬ ಕಡಲೆಮಿಠಾಯಿ. ಇಳಿದವಳೇ ಅಪ್ಪಯ್ಯನಿಗೆ, “ಬಸ್ಸು ಹತ್ತು ನಿಮಿಷ ಲೇಟು” ಎಂದು ವರದಿ ಕೊಟ್ಟಳು.

ವರದಾ ಮೂರೂವರೆ ವರ್ಷವಾದರೂ ಮೊಲೆಹಾಲು ಬಿಡಲಿಲ್ಲ. ಕಹಿಬೇವು ಅರೆದು ಹಚ್ಚಿಕೊಂಡೆ. ಒಮ್ಮೆ ಬಾಯಿಟ್ಟು ಮುಖ ಕಿವಿಚಿದಳು. ಎದ್ದು ಹೋಗಿ, ಎರಡು ಕೈಯಲ್ಲಿ ತಂಬಿಗೆ ಹಿಡಿದು ಬಂದು, “ಅವ್ವ, ಕೊಳೆ ಆಗ್ಯದೆ, ತೊಳ್ಕೋ. ನಾನು ಕಾಯ್ತೀನಿ” ಎಂದಳು. ನಗು ತಡೆಯಲಾರದೆ ಇನ್ನೂ ಆರು ತಿಂಗಳು ಕುಡಿಸಿದೆ.

ಇನ್ನು ಶಾಯಿ ಕುಡಿದ ಬಾಣಂತಿಯ ಕತೆ. ಯಾವ ಮದುವೆಮನೆಗೆ ಹೋದರೂ ಹೆಂಗಸರು ನನ್ನನ್ನು ಸುತ್ತುಗಟ್ಟಿ ಇದನ್ನು ಹೇಳಿಸದೆ ಬಿಡುವುದಿಲ್ಲ. ದುಗ್ಗಿಯ ಬಾಣಂತನ. ಬಾಣಂತಿಗೆ ನೀರು ಕೊಡಬಾರದು. ಮೈಗೆ ನೀರು ಸೇರಿ ಬಾವು ಬರುತ್ತದೆ, ಮಗುವಿಗೆ ಶೀತವಾಗುತ್ತದೆ. ನಮ್ಮವ್ವ ನನಗೆ ಹಾಗೇ ಮಾಡಿದ್ದು, ಅವಳಿಗೆ ಅವಳವ್ವ. ಹೊತ್ತಿಗೆ ಎರಡು ಗುಟುಕು ಶುಂಠಿ-ಮೆಣಸಿನ ಕಷಾಯ, ಅಷ್ಟೇ. ನಾಲ್ಕನೇ ದಿನ ಹಂಡೆ ತುಂಬ ಕಾಯಿಸಿದ ನೀರನ್ನು ತಲೆಯ ಮೇಲೆ ಹೊಯ್ಯುತ್ತಿದ್ದೇನೆ, ಈ ಹುಡುಗಿ ಕಪ್ಪೆಯ ಹಾಗೆ ಬಾಯಿ ಕಳೆದು, ಮುಖದ ಮೇಲೆ ಇಳಿಯುವ ಸೀಗೆನೀರನ್ನು ಕುಡಿಯುತ್ತಿದ್ದಾಳೆ! ಒಂದು ಕೈಯಲ್ಲಿ ಗಲ್ಲ ಹಿಡಿದು ಬಾಯಿ ಮುಚ್ಚಿಸಿ, ಇನ್ನೊಂದು ಕೈಯಲ್ಲಿ ಹೊಯ್ದೆ. ಇದನ್ನು ಅಭಿನಯಿಸಿ ತೋರಿಸುವಾಗ ಹೆಂಗಸರು ಬಿದ್ದು ಬಿದ್ದು ನಗುತ್ತಾರೆ.

ಏಳನೇ ದಿನ ಬೆಳಿಗ್ಗೆ ಕಷಾಯ ಹಿಡಿದು ಕೋಣೆಗೆ ಹೋದರೆ ದುಗ್ಗಿಯ ತುಟಿ ನೀಲಿ, ಹಲ್ಲು ನೀಲಿ, ನಾಲಿಗೆ ನೀಲಿ. ಸನ್ನಿ ಹಿಡಿಯಿತೆಂದು ಬಾಯಿ ಬಾಯಿ ಬಡಿದುಕೊಂಡೆ. ಇವರು ಉಟ್ಟ ಪಂಚೆಯಲ್ಲೇ ಮಂತ್ರ ಹಾಕುವವನನ್ನು ಕರೆಯಲು ಓಡಿದರು. ಅವನು ಬಂದು, ಕುಂಕುಮ ಚೆಲ್ಲಿ, ಇದು ನೀರಿನಲ್ಲಿ ಸತ್ತ ಹೆಂಗಸಿನ ಕಾಟ ಎಂದ. ಆಗ ಬಾಗಿಲ ಹಿಂದೆ ಯಾರೋ ಬಿಕ್ಕಿದರು. ಸರೋಜ! ಹದಿಮೂರು ವರ್ಷದವಳು. ಅಕ್ಕನಿಗೆಂದು ಶಾಲೆಯ ಶಾಯಿ ಬಾಟಲಿಯಲ್ಲಿ ಕದ್ದು ನೀರು ತಂದಿದ್ದಳು, ಸರಿಯಾಗಿ ತೊಳೆಯದೆ. ಹಿಡಿಸೂಡಿ ತೆಗೆದುಕೊಂಡು ಎರಡು ಬಿಟ್ಟೆ. ಮಂತ್ರದವನು ದಕ್ಷಿಣೆ ಕೇಳಲೂ ಬಾಯಿ ಬರದೆ ಹೋದ.

ಅಯ್ಯೋ, ಬರೆಯುವಾಗಲೂ ನಗು ಬರುತ್ತದೆ. ಮೋಸ ಮಾಡಿದವರನ್ನು ಬೈಯಲು ಕೂತು ಇದೇನು ನನ್ನ ಹಣೆಬರಹ. ನಾಳೆಯಿಂದ ಸರಿಯಾಗಿ ಬರೆಯಬೇಕು.

೯ ಮಾರ್ಚ್, ಬುಧವಾರ

ಹದಿಮೂರನೇ ತಾರೀಕು ನಾಮಕರಣವಂತೆ. ಅಳಿಯನ ಕಾಗದ, ನಾಲ್ಕು ಮೂಲೆಗೂ ಅರಿಶಿನ. ‘ತಾವು ತಪ್ಪದೆ ದಯಮಾಡಿಸಬೇಕು.’ ಕರೆಯೋಲೆ ಕೊಟ್ಟು ಕರೆಯಲು ನಾನು ನೆರೆಮನೆಯವಳು.

ಹೋಗುವುದಿಲ್ಲ.

೧೩ ಮಾರ್ಚ್, ಭಾನುವಾರ

ಎಲ್ಲರೂ ಹೋದರು. ಬಾಣಂತಿ ಕೋಣೆಯ ಗೋಣಿ ಕಿತ್ತು ಬಿಸಾಕಿದೆ. ಲೇಹ್ಯವನ್ನು ಏನು ಮಾಡಲಿ? ಒಂದು ಚಮಚ ನಾನೇ ತಿಂದೆ. ಚೆನ್ನಾಗಿದೆ.

೧೫ ಮಾರ್ಚ್, ಮಂಗಳವಾರ

ದುಗ್ಗಿ ನಾಮಕರಣ ಮುಗಿಸಿ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಇಲ್ಲಿ ಇಳಿದಳು. ಮಗುವಿಗೆ ಭಾಗೀರಥಿ ಎಂದು ಹೆಸರಿಟ್ಟರಂತೆ. ನಾನು ಕೇಳಿರಲಿಲ್ಲ, ಅವಳೇ ಹೇಳಿದಳು.

ಕಾಫಿ ಕೊಟ್ಟೆ. ಕುಡಿಯುವವರೆಗೆ ತಡೆದುಕೊಂಡೆ. ಆಮೇಲೆ ಕೇಳಿದೆ.

“ನೀನು ಹಿರಿಯವಳು. ಅವಳಿಗೆ ಬುದ್ಧಿ ಹೇಳೋದು ಬಿಟ್ಟು ನೀನೇ ಸೇರ್ಕೊಂಡ್ಯಾ?”

“ನಾನೇ ಹೇಳ್ದೆ ಅವ್ವ. ಹೋಗಬೇಡ ಅಂತ.”

“ಯಾಕೆ?”

“ನಿನಗೆ ಗೊತ್ತಿಲ್ವಾ?”

“ನಂಗೆ ಗೊತ್ತಿದ್ರೆ ನಿನ್ನ ಕೇಳ್ತಿದ್ನಾ?”

ಅವಳು ಲೋಟವನ್ನು ಕೆಳಗಿಟ್ಟಳು. “ನನಗೆ ಹನ್ನೊಂದು ದಿನ ನೀರು ಕೊಡ್ಲಿಲ್ಲ ನೀನು.”

ಓ, ಇದೇನೋ ಎಂದು ನನಗೆ ನಗುವೇ ಬಂತು. “ಲೋಕದಲ್ಲಿ ಯಾವ ಬಾಣಂತಿಗೆ ಕೊಡ್ತಾರೆ? ನಂಗೆ ನಮ್ಮವ್ವ ಕೊಟ್ಟಿದ್ಲಾ? ಸತ್ನಾ ನಾನು?”

“ಹ್ಯಾಂಗಿತ್ತು, ನೆನಪಿದ್ಯಾ?”

“ಯಾವ ಕಾಲದ್ದು! ನೆನಪಿಲ್ಲ.”

“ನಂಗಿದೆ” ಎಂದಳು. “ಮಗು ಕುಡೀತಿತ್ತು, ನಾನು ಒಣಗ್ತಿದ್ದೆ. ನಾಲಿಗೆ ಅಂಗುಳಿಗೆ ಅಂಟಿ ಮಾತು ಬರ್ತಿರ್ಲಿಲ್ಲ. ನೀನು ಹಂಡೆಗಟ್ಲೆ ನೀರು ಮೈ ಮೇಲೆ ಹೊಯ್ತಿದ್ದೆ, ಬಾಯಿ ಮಾತ್ರ ಹಿಡ್ಕೊಂಡು. ಒಂಬತ್ತನೇ ದಿನ ಜ್ವರ ಬಂತು. ತೀರ್ಥಹಳ್ಳಿ ಡಾಕ್ಟ್ರು ಬಂದು ನೀರು ಕೊಡಿ ಅಂತ ಬೈದ್ರಲ್ಲ, ಆಗೆಂತ ಮಾಡ್ದೆ ನೀನು?”

ಡಾಕ್ಟರಿಗೆ ಹೂಂ ಎಂದು, ಅವರ ಜೀಪು ತಿರುಗಿದ ಮೇಲೆ ಅವರೆದುರಿಗೆ ತಂದಿಟ್ಟಿದ್ದ ತಂಬಿಗೆ ನೀರನ್ನು ಬಾಳೆಬುಡಕ್ಕೆ ಚೆಲ್ಲಿದ್ದೆ.

“ಕಿಟಕಿಯ ಗೋಣಿ ಸಂದಿಯಿಂದ ಕಾಣ್ತಿತ್ತು ಅವ್ವ. ಬಾಳೆಬುಡ ಕಾಣ್ತಿತ್ತು. ಹನ್ನೊಂದನೇ ದಿನ ಅಪ್ಪಯ್ಯ ನಿನ್ನನ್ನ ಕೋಣೆಯಿಂದ ಹೊರಗೆ ಹಾಕಿ ತಾವೇ ಕುಡಿಸಿದ್ರು. ಅದನ್ನ ನೀನು ಕತೇಲಿ ಹೇಳೋದಿಲ್ಲ.”

“ಆ ಕತೆಗೆ ನೀನೂ ನಗ್ತೀಯಲ್ಲೇ! ಎಲ್ಲರಿಗಿಂತ ಜೋರಾಗಿ!”

“ಮತ್ತೆಂತ ಮಾಡ್ಲಿ? ಮದುವೆಮನೇಲಿ ಕೂತು ಅಳ್ಲಾ?”

ಎದ್ದು ಸೆರಗು ಸರಿಮಾಡಿಕೊಂಡಳು. ತಾನು ಎರಡನೇ ಹೆರಿಗೆಗೆ ತವರಿಗೆ ಬರಲಿಲ್ಲವಲ್ಲ, ಯಾಕೆಂದು ಗೊತ್ತೇ ಎಂದು ಕೇಳಿದಳು. ಎರಡನೆಯದು ಗಂಡನ ಮನೆಯಲ್ಲಿ ಆಗುವುದು ಪದ್ಧತಿ ಎಂದು ನಾನು ತಿಳಿದಿದ್ದೆ. ಬಾಗಿಲಲ್ಲಿ ನಿಂತು ಕೊನೆಗೆ ಇಷ್ಟು ಹೇಳಿದಳು:

“ಸರೋಜ ಹೆರಿಗೆಗೆ ಹೆದರಿರ್ಲಿಲ್ಲ ಅವ್ವ. ನಿನಗೆ ಹೆದರಿದ್ಲು.”

ಬಸ್ಸಿಗೆ ಕಳಿಸಲು ನಾನು ಹೋಗಲಿಲ್ಲ.

೧೬ ಮಾರ್ಚ್

ನನಗೆ ಹೆದರುವುದೇ? ನಾನೇನು ಹುಲಿಯೇ? ದುಗ್ಗಿ ಬಾಣಂತಿಯಾಗಿದ್ದಾಗ ನಾನು ಚಾಪೆಯ ಮೇಲೆ ಬೆನ್ನು ಹಾಕಿದವಳಲ್ಲ. ಮಗುವಿನ ಹೊಲಸು ಬಳಿದೆ, ಒಲೆಯ ಮುಂದೆ ಕೂತು ಕಣ್ಣು ಹೊಗೆಗೆ ಕೊಟ್ಟೆ, ಕಾಲು ಒತ್ತಿದೆ. ಅದೆಲ್ಲ ಯಾರ ನೆನಪಿಗೂ ಬರಲಿಲ್ಲ. ಒಂದು ಲೋಟ ನೀರಿಗೆ ಏಳು ವರ್ಷ ಹಗೆ ಸಾಧಿಸಿದರು. ನಗುತ್ತ ನಗುತ್ತ ಮೋಸ ಮಾಡಿದರು.

೧೭ ಮಾರ್ಚ್

ಏನೂ ಇಲ್ಲ.

೨೦ ಮಾರ್ಚ್, ಭಾನುವಾರ

ಇವತ್ತು ನೀರು ಕುಡಿಯುವುದಿಲ್ಲ ಎಂದು ನಿಶ್ಚಯಿಸಿದ್ದೇನೆ. ಹನ್ನೊಂದು ದಿನವಂತೆ, ನಾಲಿಗೆ ಅಂಟಿತಂತೆ. ಆಗಿನ್ನೂ ಹದಿನೆಂಟರ ಹುಡುಗಿ, ಅವಳಿಂದ ಆಗದ್ದು ನಲವತ್ತೈದರ ನನ್ನಿಂದ ಆಗುತ್ತದೆಂದು ತೋರಿಸಿಕೊಡುತ್ತೇನೆ. ಇವರಿಗಾಗಲಿ ವರದಾಳಿಗಾಗಲಿ ಹೇಳಿಲ್ಲ. ಬೆಳಿಗ್ಗೆ ಎರಡು ಗುಟುಕು ಕಷಾಯ ಕುಡಿದೆ, ಬಾಣಂತಿಗೆ ಕೊಡುವಷ್ಟೇ.

ಹತ್ತು ಗಂಟೆ. ಏನೂ ಆಗಿಲ್ಲ. ಬಟ್ಟೆ ಒಗೆದೆ.

ಹನ್ನೆರಡೂವರೆ. ಸೆಕೆ ಹೆಚ್ಚು ಇವತ್ತು. ಊಟಕ್ಕೆ ಅನ್ನ, ತುಪ್ಪ, ಮೆಣಸಿನ ಪುಡಿ ಮಾತ್ರ, ಬಾಣಂತಿಯ ಊಟ. ಗಂಟಲಿನಲ್ಲಿ ಇಳಿಯುವುದಿಲ್ಲ. ಆದರೂ ತಿಂದೆ.

ಒಂದೂಮುಕ್ಕಾಲು. ವರದಾ ಹೂಜಿಯಿಂದ ನೀರು ಬಗ್ಗಿಸಿದಳು. ಆ ಸದ್ದಿಗೆ ಹಿತ್ತಿಲಿನಿಂದ ಒಳಗೆ ಬಂದುಬಿಟ್ಟಿದ್ದೆ. ಏನು ಅವ್ವ ಎಂದಳು. ಏನಿಲ್ಲ ಎಂದೆ. ಅವಳು ಅರ್ಧ ಕುಡಿದು ಉಳಿದದ್ದನ್ನು ಚೆಲ್ಲಿದಳು. ಹೊಡೆಯಬೇಕೆನ್ನಿಸಿತು.

ಎರಡೂಕಾಲು. ನಾನು ಮಗುವಿಗೆ ಹಾಲು ಕೊಡುತ್ತಿಲ್ಲ. ಮೈಯಿಂದ ರಕ್ತ ಹೋಗುತ್ತಿಲ್ಲ. ಬೆಂಕಿಯ ಪಕ್ಕದಲ್ಲಿ ಗೋಣಿ ಹೊಡೆದ ಕೋಣೆಯಲ್ಲಿ ಮಲಗಿಲ್ಲ. ಇದು ಸುಮ್ಮನೆ ಬರೆದೆ.

ಮೂರು ಗಂಟೆಗೆ ಕುಡಿದೆ. ನಾಲ್ಕು ಲೋಟ. ನಾಲ್ಕನೆಯದನ್ನು ಕುಡಿಯುವಾಗ ನನಗೆ ಏನೋ ಹಳೆಯದು ನೆನಪಾಯಿತು. ದುಗ್ಗಿಯನ್ನು ಹೆತ್ತಾಗ, ನಮ್ಮವ್ವ ಆಚೆ ಹೋದಾಗ, ನಾನು ಮಗುವಿನ ಒದ್ದೆ ಬಟ್ಟೆಯನ್ನು ಬಾಯಿಗೆ ಹಿಡಿದಿದ್ದೆ. ಒಗೆದ ಬಟ್ಟೆಯೋ ಒಗೆಯದ್ದೋ ತಿಳಿಯದು. ಇಷ್ಟು ವರ್ಷ ಇದು ಎಲ್ಲಿತ್ತು?

ನಮ್ಮವ್ವನ ಮೇಲೆ ಇವತ್ತು ಎಂದೂ ಬಾರದಷ್ಟು ಸಿಟ್ಟು ಬಂದಿದೆ. ಅವಳು ಹೋಗಿ ಹನ್ನೆರಡು ವರ್ಷವಾಯಿತು, ಯಾರ ಹತ್ತಿರ ಜಗಳವಾಡಲಿ?

೨೪ ಮಾರ್ಚ್

ಬಸ್‌ಸ್ಟ್ಯಾಂಡಿಗೆ ಹೋಗಿ ಸಾಗರಕ್ಕೆ ಭಾನುವಾರದ ಮುಂದಿನ ಭಾನುವಾರಕ್ಕೆ ಟಿಕೆಟ್ ಕೊಡಿ ಎಂದೆ. ಆಕ್ಸಲ್ ವಿಷಯ ಎತ್ತಲಿಲ್ಲ ಪುಣ್ಯಾತ್ಮ. “ಇವತ್ತೇ ಹೋಗ್ಬಹುದಲ್ಲ?” ಎಂದರು. ಇವತ್ತು ಆಗುವುದಿಲ್ಲ ಎಂದೆ. ಯಾಕೆ ಆಗುವುದಿಲ್ಲ ಎಂದು ನನಗೂ ಗೊತ್ತಿಲ್ಲ. ಕಾಲಿಗೆ ಧೈರ್ಯ ಬರಬೇಕು.

೩ ಏಪ್ರಿಲ್, ಭಾನುವಾರ
ಸಾಗರ

ಮಧ್ಯಾಹ್ನಕ್ಕೆ ಬಂದು ತಲುಪಿದೆ. ಭೂತಪ್ಪ ದಾರಿಯುದ್ದಕ್ಕೂ ನನ್ನ ಕಡೆ ನೋಡಲಿಲ್ಲ. ಸಾಗರದಲ್ಲಿ ಚೀಲ ಇಳಿಸಿಕೊಡುವಾಗ ಮಾತ್ರ, “ಅಮ್ಮ, ತಪ್ಪಾಯ್ತು” ಎಂದ. ಇಷ್ಟೆಲ್ಲದರಲ್ಲಿ ತಪ್ಪಾಯಿತು ಎಂದವನು ಕಂಡಕ್ಟರನೊಬ್ಬನೇ.

ಸರೋಜ ಬಾಗಿಲಿಗೆ ಬಂದು ನಿಂತಳು. ದಪ್ಪಗಾಗಿದ್ದಾಳೆ, ಮುಖದಲ್ಲಿ ಕಳೆ ಇದೆ. ನನ್ನ ಕೈಯಿಲ್ಲದೆಯೇ ಇಷ್ಟು ಚೆನ್ನಾಗಿದ್ದಾಳೆ ಎಂದು ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. “ಬಂದ್ಯಾ ಅವ್ವ” ಎಂದಳು, ಅಷ್ಟೇ. ದುಗ್ಗಿಯೂ ಇಲ್ಲಿದ್ದಾಳೆ, ಹದಿನೈದು ದಿನ ಇರುತ್ತಾಳಂತೆ.

ಮಗುವನ್ನು ನೋಡಿದೆ. ಇವರ ಕಿವಿ. ತೊಟ್ಟಿಲು ತೂಗಿದೆ.

ಸ್ವಲ್ಪ ಹೊತ್ತಿಗೆ ನನಗೆ ಒಂದು ವಿಷಯ ಹೊಳೆಯಿತು. ದುಗ್ಗಿ ಮೊರದಲ್ಲಿ ಹುರುಳಿ ಹಾಕಿಕೊಂಡು ಕೋಣೆಯ ಬಾಗಿಲಿಗೆ ಅಡ್ಡ ಕೂತಿದ್ದಳು. ಅಡುಗೆಮನೆಯಲ್ಲಿ ಒಲೆಯ ಮೇಲೆ ಹಾಲಿತ್ತು, ಉಕ್ಕಿತು, ಸರೋಜ ಓಡಿದಳು, ದುಗ್ಗಿ ಏಳಲಿಲ್ಲ. ನಾನು ತೊಟ್ಟಿಲಿಗೆ ಬಗ್ಗಿದರೆ ಅವಳ ಕೈ ಮೊರದಲ್ಲಿ ನಿಲ್ಲುತ್ತಿತ್ತು. ಹಸನು ಮಾಡಿದ ಹುರುಳಿಯನ್ನೇ ಮತ್ತೆ ಹಸನು ಮಾಡುತ್ತಿದ್ದಳು.

ನನಗೆ ಕಾವಲು ಕೂರಿಸಿದ್ದಾರೆ.

ಎದ್ದು ಸಂಜೆಯ ಬಸ್ಸಿಗೆ ಹೊರಟುಬಿಡಬೇಕೆನ್ನಿಸಿತು. ಸೀರೆಯ ಗಂಟನ್ನು ಹತ್ತಿರ ಎಳೆದುಕೊಂಡದ್ದೂ ಹೌದು. ಅಷ್ಟರಲ್ಲಿ ಪಕ್ಕದ ಮನೆಯ ಕೆರಿಯಮ್ಮ ಬಂದರು. ಅವರ ಸೊಸೆಗೆ ದಿನ ತುಂಬಿದೆ. ಸರೋಜಳ ಅವ್ವ ಬಂದಿದ್ದಾರೆಂದು ಕೇಳಿ ಬುದ್ಧಿ ಕೇಳಲು ಬಂದದ್ದು.

“ನೀವು ಬಾಣಂತನದಲ್ಲಿ ಪಳಗಿದ ಕೈ ಅಂತೆ. ನಮ್ಮ ಸೊಸೆಗೆ ತವರಿಲ್ಲ, ನಾನೇ ಮಾಡ್ಬೇಕು. ನೀರು ಎಷ್ಟು ದಿನ ಕೊಡದೆ ಬಿಡೋದು ಅಂತ ತಿಳೀವಲ್ದು. ಹನ್ನೊಂದಾ, ಹದಿನಾರಾ? ಅಲ್ದೆ ಅದೆಂತದೋ ಶಾಯಿ ಕತೆ ಚಂದ ಹೇಳ್ತೀರಂತಲ್ಲ, ಅದೂ ಹೇಳ್ಬೇಕು.”

ಅಡುಗೆಮನೆಯಿಂದ ಸರೋಜ ಬಂದು ನಿಂತಳು. ದುಗ್ಗಿ ಮೊರದಿಂದ ತಲೆ ಎತ್ತಲಿಲ್ಲ. ಅವಳ ಮುಖದಲ್ಲಿ ಆ ನಗು ಆಗಲೇ ಸಿದ್ಧವಾಗಿತ್ತು. ಇಷ್ಟು ವರ್ಷ ಅದನ್ನು ನಾನು ನಗುವೆಂದೇ ನೋಡಿದೆ.

ಕತೆ ಬಾಯಿಗೆ ತಾನಾಗಿ ಬಂತು, ಸಾವಿರ ಸಲ ಹೇಳಿದ್ದಲ್ಲವೇ. ಹಂಡೆ ಕಾಯಿಸಿದ್ದು ಹೇಳಿದೆ. ತಲೆಯ ಮೇಲೆ ಹೊಯ್ದದ್ದು ಹೇಳಿದೆ. ಗಲ್ಲ ಹಿಡಿದದ್ದು ತೋರಿಸಲು ಕೈ ಎತ್ತಿದೆ. ಕೈ ಅಲ್ಲೇ ನಿಂತಿತು. ಕೆರಿಯಮ್ಮ ನಗಲು ಕಾಯುತ್ತಿದ್ದರು.

“ಅವಳಿಗೆ ಬಾಯಾರಿತ್ತು” ಎಂದೆ. “ಹೆತ್ತ ಹುಡುಗಿಗೆ ಬಾಯಾರಿತ್ತು, ನಾನು ಬಾಯಿ ಹಿಡ್ಕೊಂಡೆ. ಡಾಕ್ಟ್ರು ಕೊಡು ಅಂದ ನೀರನ್ನ ಚೆಲ್ಲಿದೆ. ತಂಗಿ ಕದ್ದು ತಂದುಕೊಟ್ರೆ ಅವಳಿಗೆ ಹೊಡ್ದೆ. ನನ್ನ ಮಗಳು ಉಳಿದದ್ದು ನನ್ನಿಂದ ಅಲ್ಲ. ನಿಮ್ಮ ಸೊಸೆಗೆ ಕೇಳ್ದಾಗೆಲ್ಲ ನೀರು ಕೊಡಿ ಕೆರಿಯಮ್ಮ. ಕಾಯಿಸಿ ಆರಿಸಿ ಕೊಡಿ. ಕೇಳದಿದ್ರೂ ಕೊಡಿ.”

ಕೆರಿಯಮ್ಮ ಎದ್ದು ನಿಂತರು. ಕುಂಕುಮ ತೆಗೆದುಕೊಂಡು ಹೊರಟರು. ಸರೋಜ ಅವರನ್ನು ಕಳಿಸಲು ಗೇಟಿನವರೆಗೆ ಹೋದಳು. ದುಗ್ಗಿ ಮೊರ ಎತ್ತಿಕೊಂಡು, ನನ್ನ ಕಡೆ ನೋಡದೆ, ಅಡುಗೆಮನೆಗೆ ಹೋದಳು. ಅವಳು ಅತ್ತಳೋ, ಸಿಟ್ಟಾದಳೋ, ನನಗೆ ಬೆನ್ನು ಮಾತ್ರ ಕಂಡಿತು.

ಕೋಣೆಯಲ್ಲಿ ನಾನು, ಮಗು. ಬಾಗಿಲು ಖಾಲಿ.

ಮಗು ಎದ್ದು ಅಳತೊಡಗಿತು. ಮೂರು ಮಕ್ಕಳನ್ನು ಹೆತ್ತು ಸಾಕಿದವಳು, ಊರಿನ ಎಷ್ಟೋ ಮಕ್ಕಳಿಗೆ ನೀರು ಹೊಯ್ದವಳು ನಾನು. ಎತ್ತಿಕೊಳ್ಳಲು ಕೈ ಮುಂದೆ ಬರಲಿಲ್ಲ. ಅಳು ಜೋರಾಯಿತು.

“ದುಗ್ಗೀ” ಎಂದು ಕೂಗಿದೆ. “ಬಾರೇ. ಬಂದು ಇಲ್ಲೇ ಕೂತ್ಕೋ. ನಾನು ಮಗುನ ಎತ್ಕೊಳ್ತೀನಿ.”

ಒಲೆಯ ಹತ್ತಿರ ಪಾತ್ರೆಯ ಸದ್ದು ನಿಂತಿತು.

“ನಾನ್ಯಾಕೆ ಅವ್ವ?” ಎಂದಳು ಅಲ್ಲಿಂದಲೇ. “ನಂಗೆ ಕೈ ತುಂಬ ಕೆಲಸ ಇದೆ. ನೀನೇ ಎತ್ಕೋ.”